ನೇತ್ರಾಣಿಗೆ ಹೊರಟವರು ಮೀನಿನ ಬಾಲ ನೋಡಿ

ಹುಬ್ಬಳ್ಳಿಯಿಂದ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಮೀನು ನೋಡಲು ಹೊರಡುವವರು ಪ್ರವಾಸದ ಕರಪತ್ರದ ಚಿತ್ರ ನಂಬಿ ಮುಂಗಡ ಕೊಡಬೇಡಿ. ನಮಗೆ ಕೊಟ್ಟ ಕರಪತ್ರದ ತುಂಬ ಮೂರಿಷ್ ಐಡಲ್ ಮೀನು. ನೀರಿನಲ್ಲಿ ಕಂಡದ್ದು ಬ್ಯಾನರ್‌ಫಿಶ್. ಎರಡೂ ಒಂದೇ ಎಂದು ದೋಣಿಯ ಹುಡುಗ ವಾದಿಸಿದ. ಖಂಡಿತ ಒಂದೇ ಅಲ್ಲ.

ಎರಡಕ್ಕೂ ಚಪ್ಪಟೆ ಮೈ, ಅಗಲವಾದ ಕಪ್ಪು ಪಟ್ಟೆ, ಬೆನ್ನಿನಿಂದ ಹಿಂದಕ್ಕೆ ಬಾಗಿದ ಉದ್ದನೆಯ ಬಿಳಿ ಎಳೆ. ಗುರುತಿಸಲು ಬಾಲ ನೋಡಬೇಕು. ಬ್ಯಾನರ್‌ಫಿಶ್‌ನ ಬಾಲ ಹಳದಿ. ಮೂರಿಷ್ ಐಡಲ್‌ನದು ಕಪ್ಪು, ಅಂಚಿಗೆ ತೆಳುವಾದ ಬಿಳಿ ಗೆರೆ. ಮೂರಿಷ್ ಐಡಲ್‌ನ ಮೂತಿ ಕೊಳವೆಯಂತೆ ನೀಳ, ಅದರ ಮೇಲೊಂದು ಹಳದಿ-ಕಿತ್ತಳೆ ಮಚ್ಚೆ. ಬಂಡೆಯ ಸಂದಿಗಳಲ್ಲಿ ಬೆಳೆಯುವ ಸ್ಪಂಜನ್ನು ಕಚ್ಚಿ ತೆಗೆಯಲು ಆ ಮೂತಿ ಬೇಕು. ತನ್ನ ಕುಟುಂಬದಲ್ಲಿ ಈಗ ಬದುಕಿರುವ ಜಾತಿ ಅದೊಂದೇ. ಬ್ಯಾನರ್‌ಫಿಶ್ ಚಿಟ್ಟೆಮೀನುಗಳ ಕುಟುಂಬದ್ದು, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತಿನ್ನುತ್ತದೆ, ಹೆಚ್ಚೆಂದರೆ 25 ಸೆಂ.ಮೀ. ಬೆಳೆಯುತ್ತದೆ. ಹವಳ ಹತ್ತಿದ ಬಂಡೆಯ ಪಕ್ಕ ಒಂದು ಜೋಡಿ ಅಲುಗಾಡದೆ ನಿಂತಿತ್ತು. ಎಷ್ಟು ಚೆಂದದ ಮೀನು! ಅದರ ಹೆಸರಿನಲ್ಲೇ ಕರೆದುಕೊಂಡು ಹೋಗಿದ್ದರೂ ನಾನು ಸಂತೋಷದಿಂದ ಬರುತ್ತಿದ್ದೆ.

ಬಸ್ಸಿನಲ್ಲಿ ಹಿಂದಿನ ಸೀಟು ಬೇಡವೇ ಬೇಡ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಕಿಟಕಿ ತೆರೆಯಲಾಗದೆ ಅರ್ಧ ಬಸ್ಸು ವಾಂತಿ ಮಾಡಿಕೊಂಡಿತು. ಮುರುಡೇಶ್ವರದಲ್ಲಿ ರಜೆಯ ನೆಪ ಹೇಳಿ ಕೋಣೆಗೆ ದುಪ್ಪಟ್ಟು ಕೇಳಿದರು, ಫ್ಯಾನ್ ಮಾತ್ರ ತಿರುಗಲಿಲ್ಲ. ಜನಜಂಗುಳಿ ನನಗೆ ಆಗುವುದಿಲ್ಲ, ಆದ್ದರಿಂದ ವಾರದ ನಡುವೆ ಹೋಗಿ ಎನ್ನುತ್ತೇನೆ.

ಊಟಕ್ಕೆ ಸಮುದ್ರ ಕಾಣುವ ದೊಡ್ಡ ಹೋಟೆಲುಗಳನ್ನು ಬಿಟ್ಟು ಒಳಗಿನ ಓಣಿಗಳಿಗೆ ಹೋಗಿ. ನಮಗೊಂದು ಹೆಂಚಿನ ಮನೆ ಸಿಕ್ಕಿತು. ನಾಲ್ಕೇ ಬೆಂಚು. ಬಿಸಿ ಕುಚಲಕ್ಕಿ ಅನ್ನ, ಬಂಗಡೆ ಸಾರು, ಕೋಕಂ ಕಡಿ. ಸಾರಿನ ಕೆಂಪು ಕಂಡು ಖಾರಕ್ಕೆ ಹೆದರಿದೆ, ಬಾಯಿ ಉರಿಯಲಿಲ್ಲ. “ಅದು ನಿಮ್ಮ ಕಡೆಯದೇ, ಬ್ಯಾಡಗಿ ಮೆಣಸು” ಎಂದರು ಬಡಿಸುತ್ತಿದ್ದ ಅಕ್ಕ. ಕೇಳದೆಯೇ ಮತ್ತೊಂದು ಸೌಟು ಹಾಕಿದರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ದೊಡ್ಡ ಹೋಟೆಲಿನ ಚಹಾ-ತಿಂಡಿಯ ಬೆಲೆಗೆ ಇಬ್ಬರ ಹೊಟ್ಟೆ ತುಂಬಿತು.

ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನೀರು ತಿಳಿಯಾಗಿರುವ ಡಿಸೆಂಬರ್-ಜನವರಿಯಲ್ಲಿ ಬೆಳಗಿನ ದೋಣಿಗೇ ಹೋಗಿ. ಮೀನಿನೂಟವನ್ನು ವಾಪಸು ಬಂದ ಮೇಲೆ ಇಟ್ಟುಕೊಳ್ಳಿ.