ಮೊದಲ ಭೇಟಿಯ ಮೇಜಿನ ಮೇಲೆ

ಮಾಟುಂಗಾ, ಮುಂಬಯಿ
28 ಜುಲೈ 2024, ಭಾನುವಾರ

ಮಳೆಗಾಲದ ನಡುವೆ ಬರುವ ತುಳು ತಿಂಗಳಾದ ಆಟಿಯಲ್ಲಿ ನಮ್ಮವರು ಮದುವೆ ಇಟ್ಟುಕೊಳ್ಳುವುದಿಲ್ಲವಾದರೂ, ಮಳೆ ಮುಗಿದ ಮೇಲಿನ ಮುಹೂರ್ತಗಳಿಗೆ ಫೋಟೋಗ್ರಾಫರನ್ನು ಗೊತ್ತುಮಾಡುವ ಮಾತುಕತೆ ನಡೆಯುವುದು ಈ ದಿನಗಳಲ್ಲೇ. ಇಂದು ಮೀರಾ ರೋಡಿನಿಂದ ಬಂಟ ಕುಟುಂಬವೊಂದು ಬಂದಿತ್ತು. ಬರಿದೇ ಮಾಟುಂಗಾ ಎಂದರೆ ಸೆಂಟ್ರಲ್ ಲೈನಿನ ಸ್ಟೇಷನ್ನೋ ವೆಸ್ಟರ್ನ್ ಲೈನಿನ ಮಾಟುಂಗಾ ರೋಡೋ ಎಂಬ ಗೊಂದಲವಾಗುತ್ತದೆಂದು ನಿನ್ನೆಯೇ ದಾರಿಯನ್ನು ಬರೆದು ಕಳುಹಿಸಿದ್ದೆ. ಮಳೆಯಲ್ಲಿ ಅಲೆದು ದಣಿದವರ ಮುಂದೆ ಎಂಥ ಚಿತ್ರವಿಟ್ಟರೂ ಮನಸ್ಸು ಅದರಲ್ಲಿ ನಿಲ್ಲದು.

ಹಲವು ಮದುವೆಗಳಿಂದ ಆಯ್ದ ಚಿತ್ರಗಳನ್ನು ಟ್ಯಾಬಿನಲ್ಲಿ ತೋರಿಸುವುದು ಈಗಿನ ವಾಡಿಕೆ. ನಾನು ಮಾತ್ರ, ಆ ಮನೆಯವರ ಒಪ್ಪಿಗೆ ಪಡೆದು, ಒಂದೇ ಮದುವೆಯ ಇಡೀ ಆಲ್ಬಮನ್ನು ಮೇಜಿನ ಮೇಲಿಡುತ್ತೇನೆ. ಸಭಾಂಗಣದ ಹಳದಿ ದೀಪವೂ ವೇದಿಕೆಯ ಎಲ್‌ಇಡಿಯೂ ಬೆರೆತಾಗ ಮುಖದ ಬಣ್ಣ ಹೇಗೆ ಬಂದಿದೆ, ಎಲ್ಲರೂ ದಣಿದಿರುವ ಊಟದ ಹೊತ್ತಿನಲ್ಲಿ ಕ್ಯಾಮೆರಾ ಏನನ್ನು ಗಮನಿಸಿದೆ ಎಂಬುದನ್ನು ನೋಡುವ ಹಕ್ಕು ಹಣ ಕೊಡುವವರಿಗಿದೆ. ಇಂದು ಮದುಮಗಳು ಪುಟಗಳನ್ನು ಬೇಗ ಬೇಗ ತಿರುವಿದಳು. ಅವಳ ತಾಯಿ ಹಿರಿಯರ ಗುಂಪುಚಿತ್ರದ ಬಳಿ ಬಹಳ ಹೊತ್ತು ನಿಂತರು. ಅವರ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡುವುದೇ ಆ ಹೊತ್ತಿನಲ್ಲಿ ನನ್ನ ಕೆಲಸ.

ಆಮೇಲೆ ಕೇಳಿದೆ: "ಅಮ್ಮಾ, ಧಾರೆಯ ಹೊತ್ತಿಗೆ ಮಂಟಪದಲ್ಲಿ ಯಾರು ಯಾರು ಇರುತ್ತಾರೆ?" ಅಲ್ಲಿಯವರೆಗೆ ದರದ ಬಗ್ಗೆಯೇ ಮಾತನಾಡುತ್ತಿದ್ದ ತಂದೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಊರಿನಿಂದ ಬರುವ ಸೋದರಮಾವನ ಹೆಸರನ್ನು ಮೊದಲು ಹೇಳಿದರು. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಅಳಿಯಕಟ್ಟಿನ ಮನೆತನಗಳಲ್ಲಿ ಆ ಸ್ಥಾನದ ತೂಕವೇನೆಂದು ತಿಳಿಯದ ಫೋಟೋಗ್ರಾಫರ್ ಅವರನ್ನು ಚೌಕಟ್ಟಿನಿಂದ ಹೊರಗೇ ಬಿಟ್ಟಾನು. ಕೂಡಿಸಿದ ಕೈಗಳ ಮೇಲೆ ನೀರು ಬೀಳುವ ಗಳಿಗೆ ಚಿಕ್ಕದು. ಇನ್ನೊಮ್ಮೆ ಎರೆಯಿರಿ ಎಂದು ಕೇಳುವುದು ಸಲ್ಲದು. ಹೆಸರುಗಳನ್ನು ಅವರೆದುರೇ ಬರೆದುಕೊಂಡೆ. ನನ್ನ ಬಟ್ಟೆಗಿಂತ, ಕ್ಯಾಮೆರಾದ ಬೆಲೆಗಿಂತ ಆ ಬರವಣಿಗೆಯೇ ಅವರಲ್ಲಿ ನಂಬಿಕೆ ಹುಟ್ಟಿಸಿತೆಂದು ನನಗನ್ನಿಸುತ್ತದೆ.

ದರ, ಮುಂಗಡ, ಆಲ್ಬಮ್ ಕೊಡುವ ಗಡುವು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಇಂದೇ ಒಪ್ಪಿಕೊಳ್ಳಿ ಎನ್ನಲಿಲ್ಲ. ಮನೆಯಲ್ಲಿ ಹಿರಿಯರೊಂದಿಗೆ ಮಾತನಾಡಿ ತಿಳಿಸಿ ಎಂದೆ. ಅವರು ನನ್ನನ್ನೇ ಗೊತ್ತುಮಾಡಿದರೆ, ಮುಹೂರ್ತದ ಹೊತ್ತಿಗೇ ಒಂದು ದಿನ ಸಭಾಂಗಣಕ್ಕೆ ಹೋಗಿ ಮಂಟಪದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ನೋಡಿ ಬರಬೇಕು.