ವಾಲಿಯ ಅಪ್ಪ ಬಂದ ರಾತ್ರಿ

ನಾನು ಸಭಾಭವನದ ಮೆಟ್ಟಿಲು ಹತ್ತುವಾಗ ಭೈರವಿ ಶುರುವಾಗಿತ್ತು. ಹಿಂದೂಸ್ತಾನಿ ಕಛೇರಿಗೆ ಹೋಗುವವರಿಗೆ ಗೊತ್ತು, ಭೈರವಿ ಬಂತು ಅಂದರೆ ಕಛೇರಿ ಮುಗಿಯಿತು ಅಂತಲೇ ಅರ್ಥ. ಮಧ್ಯಾಹ್ನವೇ ಕಾರವಾರ ಬಿಟ್ಟಿದ್ದೆ. ದೇವಿಮನೆ ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಬಸ್ಸು ಸಿಕ್ಕಿಕೊಂಡು, ಶಿರಸಿ ಮುಟ್ಟಿದಾಗ ಆರೂವರೆ. ಹತ್ತು ನಿಮಿಷ ಕೇಳಿದೆ. ಚೆನ್ನಾಗಿತ್ತು. ಅಷ್ಟೇ ಹೇಳಬಲ್ಲೆ.

ಅತ್ತೆ ಹೊರಗೆ ಬಂದವರೇ "ಈಗ ಬಂದ್ಯನ ತಮಾ?" ಅಂದರು. ಬೈದಿದ್ದರೆ ವಾಸಿಯಿತ್ತು.

ನವರಾತ್ರಿಯ ದಿನಗಳು. ಸಂಜೆ ಸಣ್ಣಗೆ ಗುಡುಗು, ಬೆಳಿಗ್ಗೆ ಎಳೆ ಬಿಸಿಲು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ ಮುಗಿದಿರುತ್ತದೆ, ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಈ ಬಿಡುವಿನಲ್ಲೇ ಶಿರಸಿ ಕಡೆಯವರಿಗೆ ಹಾಡು, ಮಾತು ಎಲ್ಲ ನೆನಪಾಗುವುದು. ಕಾರವಾರದಲ್ಲಿ ನನ್ನ ಸಂಜೆಗಳೆಲ್ಲ ಟ್ಯಾಗೋರ್ ಕಡಲತೀರದ ವಾಕಿಂಗ್‌ನಲ್ಲೇ ಮುಗಿಯುತ್ತವೆ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಬಂದು ಉಳಿದಿದ್ದರು. ಅಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದರು. ನಾನು 6 ವರ್ಷದಿಂದ ಅಲ್ಲೇ ಇದ್ದೇನೆ, ಬರೆದದ್ದು ರಜೆ ಅರ್ಜಿ ಮಾತ್ರ.

ಬಂದಿದ್ದೇವೆ, ಮಾರಿಕಾಂಬೆಗೆ ಕೈಮುಗಿದು ಹೋಗೋಣ ಅಂತ ಗುಡಿಗೆ ಹೋದೆವು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಷ್ಟು ಜನರಿರಲಿಲ್ಲ, ಆದರೂ ಸಾಲು ಉದ್ದವಿತ್ತು. ಸಾಲು ನಿಂತ ಕಡೆ ನನ್ನ ಮೂಗಿನ ಮುಂದೆಯೇ ಗೋಡೆ. ಕೆಂಪು ಬಿಳಿ ಕಾವಿ ಚಿತ್ರಗಳು. ಚಿಕ್ಕಂದಿನಿಂದ ನೋಡಿದ ಗೋಡೆ ಅದು. ಬಣ್ಣ ಬಳಿದು ಬರೆದದ್ದು ಅಂತಲೇ ತಿಳಿದಿದ್ದೆ. ಅವತ್ತು ಪಕ್ಕದಿಂದ ಟ್ಯೂಬ್‌ಲೈಟಿನ ಬೆಳಕು ಬಿದ್ದು, ಬಿಳಿ ಗೆರೆಯ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಕಾಣಿಸಿತು. ಗೆರೆ ಬರೆದದ್ದಲ್ಲ, ಕೆರೆದದ್ದು!

ಕಾವಿ ಕಲೆಯ ಗುಟ್ಟೇ ಅದು. ಮೊದಲು ಗೋಡೆಗೆ ಸುಣ್ಣದ ಗಾರೆ. ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳು ಪದರ. ಅದು ಹಸಿಯಾಗಿರುವಾಗಲೇ ಚೂಪಾದ ಮೊನೆಯಿಂದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಚಿತ್ರವಾಗಿ ನಿಲ್ಲುತ್ತದೆ. ಒಣಗಿದ ಮೇಲೆ ತಿದ್ದುವ ಮಾತಿಲ್ಲ. ಬಳ್ಳಿಯ ಒಂದು ಸುರುಳಿ ಪಕ್ಕದ್ದಕ್ಕಿಂತ ಸ್ವಲ್ಪ ದಪ್ಪಗಿತ್ತು. ಕೈ ಜಾರಿತ್ತೋ, ಯಾರೋ ಮಾತಾಡಿಸಿದ್ದರೋ. ನಾನು ಅದನ್ನೇ ನೋಡುತ್ತಾ ನಿಂತೆ, ಹಿಂದಿನವರು "ಸ್ವಲ್ಪ ಮುಂದೆ ಹೋಗಿ ಸ್ವಾಮಿ" ಅಂದರು. ಕರಾವಳಿಯ ಎಷ್ಟೋ ಗುಡಿಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಇಂಥ ಗೋಡೆಗಳನ್ನೇ ಕೆಡವಿದ್ದಾರೆ. ಅಲ್ಲೀಗ ಟೈಲ್ಸ್. ಒರೆಸೋಕೆ ಸುಲಭವಂತೆ.

ಹೊರಗೆ ಬಂದಾಗ ಊರಂಚಿನ ಸಣ್ಣ ಗುಡಿಯೊಂದರಲ್ಲಿ ತಾಳಮದ್ದಳೆ, ಅಂದರೆ ಕುಣಿತವಿಲ್ಲದೆ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನ, ಇದೆ ಅಂತ ಗೊತ್ತಾಯಿತು. ಅತ್ತೆಗೆ ಮನಸ್ಸಿರಲಿಲ್ಲ. "ವೇಷ ಇಲ್ದೇ ಕೂತ್ಗಂಡು ಮಾತಾಡೂದು ಎಂತ ಚೆಂದ?" ಅತ್ತೆ ಯಕ್ಷಗಾನದ ಆಟಗಳಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿ ಬೆಳೆದವರು. 2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದರು. 2017ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡ ಮೇಲೆ ಆಟಕ್ಕೆ ಹೋಗುವುದನ್ನೇ ಕಡಿಮೆ ಮಾಡಿದರು. ಕಛೇರಿ ತಪ್ಪಿಸಿಕೊಂಡ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಒಪ್ಪಿದರು.

ತಗಡಿನ ಚಪ್ಪರ, ಪ್ಲಾಸ್ಟಿಕ್ ಕುರ್ಚಿ, ಐವತ್ತು ಜನ. ಹಾಡುವ ಭಾಗವತರ ಎರಡೂ ಕಡೆ ಪಂಚೆ ಶಲ್ಯದ ಅರ್ಥಧಾರಿಗಳು, ಪಾತ್ರಗಳಾಗಿ ಮಾತಾಡುವವರು. ಪ್ರಸಂಗ ವಾಲಿವಧೆ. ವಾಲಿಯಾದವರು ಅಡಿಕೆ ವ್ಯಾಪಾರಿ, ರಾಮ ಹೈಸ್ಕೂಲ್ ಮೇಷ್ಟ್ರು ಅಂತ ಪಕ್ಕದವರು ಹೇಳಿದರು. ಬಾಣ ತಿಂದು ಬಿದ್ದ ವಾಲಿ ಕೇಳಿದ, "ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ?" ರಾಮ ಎರಡು ಉತ್ತರ ಕೊಟ್ಟ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ. ಮತ್ತೆ, ನೀನು ಕಪಿ, ರಾಜನಿಗೆ ಬೇಟೆ ದೋಷವಲ್ಲ. ವಾಲಿ ಬಿಡಲಿಲ್ಲ. "ನಾನು ಕಪಿಯಾದರೆ ನನಗೆ ನಿನ್ನ ಧರ್ಮ ಯಾಕೆ? ಧರ್ಮ ಕೇಳುವಷ್ಟು ದೊಡ್ಡವನಾದರೆ ಬೇಟೆ ಹೇಗಾದೀತು? ಎರಡರಲ್ಲಿ ಒಂದು ಹೇಳು." ಥೇಟ್ ಅಡಿಕೆ ಮಂಡಿಯ ಚೌಕಾಸಿ.

ಅಷ್ಟರಲ್ಲಿ ಮಳೆ. ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಮೈಕಿದ್ದರೂ ಏನೂ ಕೇಳುತ್ತಿಲ್ಲ. ಮದ್ದಳೆಯವರು ಸುಮ್ನೆ ಕೈ ಕಟ್ಟಿ ಕೂತರು. ಸದ್ದು ಸ್ವಲ್ಪ ಇಳಿಯುತ್ತಲೇ ವಾಲಿ ಮೇಲೆ ನೋಡಿ ಅಂದ, "ಕೇಳಿದೆಯಾ ರಾಮ? ಅಪ್ಪ ಬಂದ. ಮಗನಿಗೆ ಅನ್ಯಾಯವಾದದ್ದು ಸ್ವರ್ಗಕ್ಕೂ ಮುಟ್ಟಿತು." ವಾಲಿ ಇಂದ್ರನ ಮಗ, ಮಳೆ ಇಂದ್ರನದು. ಚಪ್ಪರದಲ್ಲಿ ಚಪ್ಪಾಳೆ. ಮೇಷ್ಟ್ರು ಅವಸರ ಮಾಡಲಿಲ್ಲ. ಶಲ್ಯ ಸರಿ ಮಾಡಿಕೊಂಡರು. "ಬಂದದ್ದು ಸಂತೋಷ. ಆದರೆ ವಾಲಿ, ನಿನ್ನ ಅಪ್ಪನೂ ಮೋಡದ ಮರೆಯಲ್ಲೇ ನಿಂತಿದ್ದಾನಲ್ಲ?"

ಮುಂದಿನ ಎರಡು ನಿಮಿಷ ಮಳೆಗಿಂತ ಜನರ ಗಲಾಟೆಯೇ ಜಾಸ್ತಿಯಿತ್ತು. ನಾನು ಅತ್ತೆಯನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ಕುರ್ಚಿಯ ತುದಿಗೆ ಬಂದು ವಾಲಿ ಈಗ ಏನು ಹೇಳುತ್ತಾನೆ ಅಂತ ಕಾಯುತ್ತಿದ್ದರು.

ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಮಾವ ಬಾಗಿಲು ತೆಗೆದು "ಸಂಗೀತ ಹೆಂಗಾತು?" ಅಂದರು.

ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ರಾಮನ ಮಾತು ಚೊಲೋ ಆತು," ಅಂದರು. "ಉತ್ತರ ಆಜಿಲ್ಲೆ."