ಗೇಟಿನಾಚೆಯ ಸೀತನಿ

ಪುಣೆಯ ವಾಕಡ್‌ನಲ್ಲಿರುವ ನಮ್ಮ ಬಿಲ್ಡಿಂಗಿನ ಗೇಟಿನಾಚೆ ಜನವರಿ ಬಂತೆಂದರೆ ರಾತ್ರಿ ಒಂಬತ್ತಕ್ಕೆಲ್ಲ ಬೆಂಕಿ ಹತ್ತುತ್ತದೆ. ಮರಾಠಿಯವರು ಶೇಕೋಟಿ ಅಂತಾರೆ. ಸುತ್ತ ನಮ್ಮ ವಾಚ್‌ಮನ್ ಕಾಕಾ, ಪಕ್ಕದ ಸೈಟಿಗೆ ಗೌಂಡಿ ಕೆಲಸಕ್ಕೆ ಬಂದ ಕಲಬುರಗಿ ಕಡೆಯವರು, ಇಬ್ಬರು ರಿಕ್ಷಾದವರು. ನಾಲ್ಕು ವರ್ಷ ಅದನ್ನು ದಾಟಿಕೊಂಡೇ ಲಿಫ್ಟಿಗೆ ಹೋಗಿದ್ದೇನೆ. ಹೊಗೆ ಅಂತ ಬೈದದ್ದೂ ಉಂಟು.

ಹೋದ ವಾರ ಒಬ್ಬಾಕೆ, "ಅಕ್ಕಾರ, ಸೀತನಿ ತಿಂದ್ ಹೋಗ್ರಿ" ಅಂದಳು.

ಸೀತನಿ! ಪುಣೆಯವರು ಹುರ್ಡಾ ಪಾರ್ಟಿ ಅಂತ ದುಡ್ಡು ಕೊಟ್ಟು ಹೊಲಕ್ಕೆ ಹೋಗಿ ತಿನ್ನುವುದು ಇದನ್ನೇ. ಊರಿಂದ ತೆನೆ, ಕುಳ್ಳು ಎರಡೂ ಚೀಲದಲ್ಲಿ ಬಂದಿದ್ದವು. ಕೆಂಡದಲ್ಲಿ ಹಸಿ ಜೋಳದ ತೆನೆ ಹೂತು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿ ನನ್ನ ಕೈಗೆ ಸುರಿದಳು. ಅಂಗೈ ಚುರ್ ಅಂತು. ಹಾಲು ತುಂಬಿದ ಹಸಿರು ಕಾಳು, ಮೇಲೊಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅಲ್ಲೇ ಇಟ್ಟಂಗಿ ಮೇಲೆ ಕೂತೆ.

ಆಫ್ರಿಕಾದ ಕಲಹಾರಿ ಮರುಭೂಮಿಯ ಬುಷ್‌ಮನ್ ಬುಡಕಟ್ಟಿನವರ ಮಾತುಕತೆ ಬಗ್ಗೆ ಮಾನವಶಾಸ್ತ್ರಜ್ಞೆ ಪಾಲಿ ವೀಸ್ನರ್ 2014ರಲ್ಲಿ ಬರೆದದ್ದು ನೆನಪಾಯಿತು: ಹಗಲಿನ ಮಾತಲ್ಲಿ ಕಥೆ ಶೇ. 6, ರಾತ್ರಿ ಬೆಂಕಿ ಮುಂದೆ ಶೇ. 81. ಇಲ್ಲೂ ಹಾಗೇ. ಹಗಲೆಲ್ಲ ಪಾರ್ಕಿಂಗು, ಟ್ಯಾಂಕರು ಅಂತ ಒದರುವ ಕಾಕಾ ಆವತ್ತು ಭೀಮಾ ಹೊಳೆ ತುಂಬಿದಾಗ ಎಮ್ಮೆ ಬಾಲ ಹಿಡಿದು ಈಜಿದ್ದು ಹೇಳುತ್ತಿದ್ದ. ನಡುಹೊಳೆಗೆ ಬಂದಿದ್ದ, ಅಷ್ಟರಲ್ಲಿ ಮನೆಯಿಂದ ಫೋನು.

ಸ್ವೆಟರ್ ಇನ್ನೂ ಹೊಗೆ ವಾಸನೆ ಹೊಡೆಯುತ್ತಿದೆ. ಎಮ್ಮೆ ದಡ ಸೇರಿತೋ ಇಲ್ಲವೋ, ಇವತ್ತು ಕೇಳಬೇಕು.